ಕಂಬಳಿ ಹೊದ್ದ ಅವರೆ

ಮದುವೆಯಾದ ನಲವತ್ತಾರು ವರ್ಷಗಳಲ್ಲಿ ರಾಮಯ್ಯ ತನ್ನ ಹೆಂಡತಿಯನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ವಿಮಲಮ್ಮ ಎಂಬ ಹೆಸರು ರೇಷನ್ ಕಾರ್ಡಿನಲ್ಲಿತ್ತು, ವೋಟಿನ ಚೀಟಿಯಲ್ಲಿತ್ತು, ಅಕ್ಕಂದಿರ ಬಾಯಲ್ಲಿತ್ತು. ಮನೆಯೊಳಗೆ ಮಾತ್ರ ಅವಳು ‘ಇವಳೇ’. ‘ಏ ಇವಳೇ, ಟವಲ್ ತಾರೇ’, ‘ಇವಳೇ, ಸಾರಿಗೆ ಉಪ್ಪು ಜಾಸ್ತಿ ಆಯ್ತು ಕಣೇ’, ‘ಇವಳೇ, ಎಲ್ಲಿ ಹಾಳಾಗೋದೆ?’ ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಅದೇ ಕೂಗು. ಸೊಸೆ ಚೈತ್ರ ಮದುವೆಯಾಗಿ ಬಂದ ಹೊಸತರಲ್ಲಿ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು.

“ಅತ್ತೆ, ಮಾವ ನಿಮ್ಮನ್ನ ಹೆಸರು ಹಿಡಿದು ಕರೆಯೋದೇ ಇಲ್ವಲ್ಲ, ನಿಮಗೆ ಬೇಜಾರಾಗಲ್ವಾ?”

“ಹೆಸರು ಹಿಡಿದು ಕರೆಯೋಕೆ ಅವರೇನು ಪೋಸ್ಟ್‌ಮ್ಯಾನಾ?” ಎಂದು ವಿಮಲಮ್ಮ ನಕ್ಕಿದ್ದಳು.

ಓದಿದವರು ಇದನ್ನು ಅಗೌರವ ಎನ್ನಬಹುದು. ಎನ್ನಲಿ. ನಗರದಂಚಿನ ಅವರ ಉಲ್ಲಾಳದಲ್ಲೇ ಹುಡುಕಿದರೆ ವಿಮಲಮ್ಮಂದಿರು ಇಪ್ಪತ್ತು ಜನ ಸಿಕ್ಕಾರು. ರಾಮಯ್ಯ ‘ಇವಳೇ’ ಎಂದಾಗ ತಿರುಗಿ ನೋಡುವ ಹಕ್ಕು ಇದ್ದವಳು ಒಬ್ಬಳೇ.

ಮೂರು ವರ್ಷದ ಹಿಂದೆ ರಾಮಯ್ಯನಿಗೆ ಮರೆವು ಹತ್ತಿತು. ಮೊದಲು ಬೀಗದ ಕೈ ಮರೆತ. ವಯಸ್ಸಾಯಿತು ಎಂದುಕೊಂಡರು. ಆಮೇಲೆ ಬಸ್ ಸ್ಟಾಪಿನಿಂದ ಮನೆಗೆ ಬರುವ ದಾರಿ ಮರೆತ. ಹುಟ್ಟಿ ಬೆಳೆದ ಊರಿನಲ್ಲಿ ದಾರಿ ತಪ್ಪುವುದೆಂದರೆ ನಗೆಪಾಟಲು ಎನ್ನೋಣವೆಂದರೆ, ಆ ಊರು ತಾನೇ ಎಲ್ಲಿತ್ತು? ಹೊಲಗಳಿದ್ದ ಕಡೆ ಕ್ರಾಸುಗಳು, ಕಣವಿದ್ದ ಕಡೆ ಮೊಬೈಲ್ ಅಂಗಡಿ. ದಾರಿ ಮರೆಯದಿದ್ದವರೂ ಅಲ್ಲಿ ಒಮ್ಮೊಮ್ಮೆ ತಬ್ಬಿಬ್ಬಾಗುತ್ತಿದ್ದರು. ಮಗ ಭೈರೇಶ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನೇ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಇದು ಹಿಂದಕ್ಕೆ ಬರುವ ಕಾಯಿಲೆಯಲ್ಲ, ಮುಂದಕ್ಕೇ ಹೋಗುತ್ತದೆ ಎಂದು ಡಾಕ್ಟರು ಮೆತ್ತಗೆ ಹೇಳಿದರು.

ಹೋದ ವರ್ಷ ದಸರಾ ಮುಗಿದ ಮೇಲಿನ ಒಂದು ಬೆಳಗ್ಗೆ ವಿಮಲಮ್ಮ ಕಾಫಿ ಲೋಟ ಮುಂದಿಟ್ಟಳು. ರಾಮಯ್ಯ ಎರಡೂ ಕೈ ಜೋಡಿಸಿದ.

“ನಿಮಗ್ಯಾಕೆ ತೊಂದರೆ ತಾಯಿ? ಕೂತ್ಕೊಳ್ಳಿ. ನೀವು ಯಾವೂರೋರು?”

ವಿಮಲಮ್ಮ ಗಂಡನ ಕೈಯಲ್ಲಿ ಬೈಸಿಕೊಂಡಿದ್ದಳು. ಒಮ್ಮೆ, ಮದುವೆಯಾದ ಎರಡನೇ ವರ್ಷ, ಏಟೂ ತಿಂದಿದ್ದಳು. ಆ ಯಾವುದೂ ಈ ‘ನೀವು’ ತರಹ ನೋಯಿಸಿರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಅಂದಿನಿಂದ ಅವಳು ಆ ಮನೆಯ ಗೌರವಾನ್ವಿತ ಅತಿಥಿ. ಬನ್ನಿ, ಕೂತ್ಕೊಳ್ಳಿ, ಊಟ ಆಯ್ತಾ ತಾಯಿ. ರಾಮಯ್ಯನ ಮರ್ಯಾದೆ ಒಂದು ದಿನವೂ ತಪ್ಪಲಿಲ್ಲ.

ಹಾಗಿದ್ದೂ ಅದೇ ವರ್ಷ ಮಾರ್ಗಶಿರದಲ್ಲಿ ಒಂದು ಆಶ್ಚರ್ಯ ನಡೆಯಿತು.

ಅವರ ಮನೆಯ ಪಕ್ಕದಲ್ಲಿ ಮೂವತ್ತು-ನಲವತ್ತರ ಒಂದು ಖಾಲಿ ಸೈಟಿದೆ. ಒಂದು ಕಾಲಕ್ಕೆ ಅದು ರಾಮಯ್ಯನ ಹೊಲದ್ದೇ ಮೂಲೆ. ಬಡಾವಣೆಯಾದಾಗ ಎಲ್ಲರೂ ಮಾರಿದರು, ರಾಮಯ್ಯನೂ ಮಾರಿದ. ಮನೆ ಕಟ್ಟಿಕೊಳ್ಳಲು ಒಂದು ಸೈಟು ಉಳಿಸಿಕೊಂಡ. ಪಕ್ಕದ್ದು ರಾಜಾಜಿನಗರದ ಗೋಪೀನಾಥ ಎನ್ನುವವರ ಪಾಲಾಯಿತು. ಅವರು ವರ್ಷಕ್ಕೊಮ್ಮೆ ಬಂದು, ಗಡಿಕಲ್ಲು ಅಲ್ಲಾಡಿಲ್ಲವೆಂದು ನೋಡಿಕೊಂಡು, “ಬರೀ ಪಾರ್ಥೇನಿಯಂ ಬೆಳೆಯೋ ಬದಲು ನೀವೇ ಏನಾದ್ರೂ ಹಾಕ್ಕೊಳ್ಳಿ ಅಮ್ಮ” ಎಂದಿದ್ದರು. ವಿಮಲಮ್ಮ ಹಾಕಿಕೊಂಡಳು. ಬೇಸಿಗೆಗೆ ಪಾತ್ರೆ ತೊಳೆದ ನೀರಲ್ಲಿ ದಂಟು, ಮುಂಗಾರಿಗೆ ಬದನೆ, ಬೆಂಡೆ, ಪುಷ್ಯ ಮಳೆ ಹಿಡಿದಾಗ ಅವರೆ. ಅವರೆಯ ಬೀಜ ಮಾತ್ರ ಅಂಗಡಿಯದಲ್ಲ. ರಾಗಿ ಹೊಲದ ನಡುವೆ ಸಾಲು ಬಿಡುತ್ತಿದ್ದ ಅವರೆಯಿಂದ ವಿಮಲಮ್ಮನ ಅತ್ತೆ ಆರಿಸಿ ಬೂದಿಯಲ್ಲಿ ಕಲಸಿಟ್ಟು, ಸೊಸೆಗೆ ಒಪ್ಪಿಸಿ ಹೋದದ್ದು. ಹೊಲ ಹೋದರೂ ಬೀಜ ಉಳಿದಿತ್ತು.

ಆ ಮಾರ್ಗಶಿರದ ಬೆಳಗ್ಗೆ ಇಬ್ಬನಿ ಚೆನ್ನಾಗಿ ಬಿದ್ದಿತ್ತು. ಅವರೆಯ ಸೊಗಡು ಗೊತ್ತಿದ್ದವರಿಗೆ ಗೊತ್ತು. ಕಾಯಿಯ ಮೇಲೆ ಎಣ್ಣೆಯಂತೆ ಜಿಗುಟಿರುತ್ತದೆ, ಚಳಿಗೂ ಇಬ್ಬನಿಗೂ ಅದರ ವಾಸನೆ ಏರಿ ಬೀದಿಯ ತುದಿಯವರೆಗೆ ಬರುತ್ತದೆ. ಕಿಟಕಿಯ ಹತ್ತಿರ ಕೂತಿದ್ದ ರಾಮಯ್ಯ ಮೂಗರಳಿಸಿದ. ಎದ್ದ. ಬಾಗಿಲಿಗೆ ಬಂದು ಒಳಮುಖವಾಗಿ ಕೂಗಿದ.

“ಏ ಇವಳೇ! ಇಬ್ಬನಿ ಬಿದ್ದೈತೆ ಕಣೇ. ಕಾಯಿ ಕೀಳಾನ ಬಾರೇ!”

ಹಿಟ್ಟು ನಾದುತ್ತಿದ್ದ ವಿಮಲಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು. ಅವತ್ತು ಮಾತ್ರವಲ್ಲ, ಗಿಡದಲ್ಲಿ ಕಾಯಿ ಇರುವಷ್ಟು ದಿನವೂ, ಲೆಕ್ಕ ಹಾಕಿ ಒಂಬತ್ತು ಬೆಳಗ್ಗೆ, ರಾಮಯ್ಯ ಹಾಗೇ ಕೂಗಿದ. ಬಿಸಿಲೇರಿದರೆ ಮತ್ತೆ ‘ನೀವು’. ಅವರೆ ಮುಗಿದ ಮೇಲೆ ಬೆಳಗ್ಗೆಯೂ ‘ನೀವು’. ವಿಮಲಮ್ಮ ಹೆದರಲಿಲ್ಲ. ಬೀಜ ಇದೆಯಲ್ಲ, ಮುಂದಿನ ಚಳಿಗಾಲ ಬರುತ್ತದಲ್ಲ ಎಂದುಕೊಂಡು, ಹಿಂದಿನ ಯಾವ ವರ್ಷವೂ ಮಾಡದಷ್ಟು ಜೋಪಾನವಾಗಿ ಕಾಳು ಆರಿಸಿ ಡಬ್ಬಿಗೆ ತುಂಬಿಟ್ಟಳು.

ಶಿವರಾತ್ರಿ ಹತ್ತಿರದಲ್ಲಿ ಒಂದು ಸಂಜೆ ರಾಮಯ್ಯ ಗೇಟು ತೆಗೆದು ಹೊರಗೆ ಹೋದವನು ಕತ್ತಲಲ್ಲಿ ಮೋರಿ ಕಾಣದೆ ಬಿದ್ದ. ಮಣಿಕಟ್ಟು ಮುರಿಯಿತು, ಹಣೆಗೆ ನಾಲ್ಕು ಹೊಲಿಗೆ. ಆ ಬೀದಿಯಲ್ಲಿ ಕಂಬವಿತ್ತು, ದೀಪವಿರಲಿಲ್ಲ. ಭೈರೇಶ್ ಆ್ಯಪಿನಲ್ಲಿ ಕಂಪ್ಲೇಂಟ್ ಕೊಟ್ಟ. ಅದೇನಾಯಿತೋ ಆ್ಯಪಿಗೇ ಗೊತ್ತು. ವಿಮಲಮ್ಮ ಮಾತ್ರ ವಾರ್ಡ್ ಆಫೀಸಿಗೆ ಬಿಸಿಲಲ್ಲಿ ಏಳು ಸಲ ನಡೆದಳು. ಅರ್ಜಿ ಕೊಟ್ಟಳು, ಬೇಡಿಕೊಂಡಳು, ಕೊನೆಗೆ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಯುಗಾದಿಗೆ ಮೂರು ದಿನ ಮುಂಚೆ ಲೈನ್‌ಮ್ಯಾನ್ ನಾಗೇಂದ್ರ ಏಣಿ ತಂದು ಹಾಲಿನಂತೆ ಬೆಳಗುವ ಎಲ್‌ಇಡಿ ದೀಪ ಕಟ್ಟಿಕೊಟ್ಟ. ವಿಮಲಮ್ಮ ಅವನಿಗೆ ಮಜ್ಜಿಗೆ ಕೊಟ್ಟು, ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿದಳು.

“ಆಂಟಿ, ಕಂಬಕ್ಕೆಲ್ಲ ಯಾಕೆ?” ಎಂದು ಅವನು ನಕ್ಕ.

“ನಮ್ಮ ಯಜಮಾನ್ರನ್ನ ಕಾಯ್ತದಲ್ಲಪ್ಪ,” ಎಂದಳು.

ಆ ದೀಪ ರಾಮಯ್ಯನನ್ನು ಕಾದದ್ದೂ ನಿಜ. ಸಂಜೆ ಆರೂವರೆಗೆ ತಾನಾಗಿ ಹೊತ್ತಿಕೊಳ್ಳುತ್ತಿತ್ತು, ಬೆಳಗಾದ ಮೇಲೆ ಆರುತ್ತಿತ್ತು. ಮನೆ, ಗೇಟು, ಮೋರಿ, ಪಕ್ಕದ ಸೈಟು, ಎಲ್ಲ ಸೂಜಿ ಬಿದ್ದರೂ ಕಾಣುವಷ್ಟು ಬೆಳಕು.

ಬೇಸಿಗೆ ಕಳೆಯಿತು. ದಂಟು ಬಂತು, ಹೋಯಿತು. ಆರಿದ್ರಾ ಮಳೆಗೆ ಹಾಕಿದ ಬದನೆ ಹೊಳೆಹೊಳೆಯುವ ಕಾಯಿ ಬಿಟ್ಟಿತು. ಪುಷ್ಯ ಮಳೆ ಹದವಾಗಿ ಬಿದ್ದ ಮಾರನೇ ದಿನ ವಿಮಲಮ್ಮ ಗಂಡನನ್ನು ಸೈಟಿಗೆ ಕರೆತಂದು ಅಂಗೈಗೆ ಅವರೆ ಬೀಜ ಸುರಿದಳು. ಹೆಸರುಗಳನ್ನು ಮರೆತ ಮನುಷ್ಯನಿಗೆ ಕೈಕೆಲಸ ಮರೆತಿರಲಿಲ್ಲ. ಗೇಣಿಗೊಂದು ಕಾಳು ಬಿಟ್ಟು, ಹೆಬ್ಬೆರಳಿನಿಂದ ಮಣ್ಣು ಎಳೆದು, ಹಿಮ್ಮಡಿಯಲ್ಲಿ ಒತ್ತುತ್ತ ಸಾಲು ಮುಗಿಸಿದ. ಮುಗಿಸಿ ಸೊಂಟ ನೇರ ಮಾಡಿ ಕೇಳಿದ.

“ಯಾರ ಹೊಲ ತಾಯಿ ಇದು?”

“ನಮ್ದೇ,” ಎಂದಳು ವಿಮಲಮ್ಮ. ಕಾಗದದ ಪ್ರಕಾರ ಅದು ಸುಳ್ಳು.

ಗೌರಿ ಹಬ್ಬಕ್ಕೆ ಬಳ್ಳಿ ಮೊಳಕಾಲೆತ್ತರ, ಪಿತೃಪಕ್ಷಕ್ಕೆ ಎದೆಯೆತ್ತರ. ಎಂಥ ಬಳ್ಳಿ ಎಂದರೆ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ವಿಮಲಮ್ಮನ ಉಮೇದು ಕೇಳುವ ಹಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ, ಹಿತುಕಿದ ಬೇಳೆ ನೆನೆಸಲು ಅಗಲ ಬಾಯಿಯ ಹೊಸ ಪಾತ್ರೆಯನ್ನೇ ತಂದಿಟ್ಟಳು. ಇಷ್ಟು ಎಲೆ ಬಂದಮೇಲೆ ಎಷ್ಟು ಕಾಯಿ ಬರಬೇಡ! ಹೋದ ಸಲ ಒಂಬತ್ತು ಬೆಳಗ್ಗೆ, ಈ ಸಲ ತಿಂಗಳು ಪೂರ್ತಿ ಕರೆಯುತ್ತಾರೆ ಎಂದು ಚೈತ್ರಳಿಗೆ ಹೇಳಿಕೊಂಡಳು.

ಆಯುಧಪೂಜೆ ಬಂತು. ಒಂದೂ ಮೊಗ್ಗಿಲ್ಲ.

ಹಬ್ಬದ ಮಾರನೇ ದಿನ ಗೋಪೀನಾಥರು ಕಾರಿನಲ್ಲಿ ಬಂದು, ಚಪ್ಪಲಿ ಬಿಟ್ಟು ಒಳಗೆ ಕೂತು, ಹಿಂಜರಿಯುತ್ತ ವಿಷಯ ಹೇಳಿದರು. ಮಗನಿಗೆ ಮನೆ ಕಟ್ಟಿಸುತ್ತಿದ್ದಾರೆ. ಧನುರ್ಮಾಸ ಕಳೆದು ಸಂಕ್ರಾಂತಿಯಾದ ಮೇಲೆ ಭೂಮಿಪೂಜೆ. “ನಿಮ್ಮ ಬೆಳೆ ತಗೊಳ್ಳೋವರೆಗೂ ನಾನೇನೂ ಮುಟ್ಟಲ್ಲ ಅಮ್ಮ,” ಎಂದರು. ಒಳ್ಳೆಯ ಮನುಷ್ಯರು, ಅವರನ್ನು ಬೈಯುವುದಕ್ಕೂ ಆಗಲಿಲ್ಲ. ವಿಮಲಮ್ಮ ಲೆಕ್ಕ ಹಾಕಿದಳು. ಮಹಡಿಯ ಮೇಲಿನ ಕುಂಡದಲ್ಲಿ ಅವರೆ ಹಾಕಿ ನೋಡಿದ್ದಳು; ಬಿಸಿ ಸಿಮೆಂಟಿನ ಮೇಲೆ ಅದು ಬಾಡಿಹೋಗಿತ್ತು. ಅಂದಮೇಲೆ ಕರೆಸಿಕೊಳ್ಳಲು ಇರುವುದು ಇದೊಂದೇ ಚಳಿಗಾಲ.

ಆಮೇಲೆ ಅವಳು ಮಾಡದ ಉಪಾಯವಿಲ್ಲ. ನೀರು ಕಡಿಮೆ ಮಾಡಿದಳು. ಕುಡಿ ಚಿವುಟಿದಳು. ಹುಳಿ ಮಜ್ಜಿಗೆ ಚಿಮುಕಿಸಿದಳು. ಜನರ ಕಣ್ಣು ಬಿದ್ದಿದೆಯೆಂದು ಮೆಣಸಿನಕಾಯಿ ನಿವಾಳಿಸಿ, ಹಳೆಯ ಚಪ್ಪಲಿಯನ್ನು ಬೇಲಿಗೆ ಕಟ್ಟಿದಳು. ಬಳ್ಳಿ ಇನ್ನಷ್ಟು ಎಲೆ ಬಿಟ್ಟಿತು. ಅದನ್ನು ನೋಡಲಾರದೆ ಭೈರೇಶ್ ಒಂದು ಸಂಜೆ ಮಾರ್ಕೆಟ್ಟಿನಿಂದ ಎರಡು ಕೇಜಿ ಅವರೆಕಾಯಿ ತಂದ. ಈಗೀಗ ಅದು ಯಾವ ಕಾಲದಲ್ಲೂ ಸಿಗುತ್ತದೆ. ರಾಮಯ್ಯ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು, ಹಾಗೇ ಕೆಳಗಿಟ್ಟ. ಅದರ ಸಾರು ಬಡಿಸಿದಾಗ ಮುದ್ದೆ ಮುರಿದು ಉಂಡು, “ಅಡುಗೆ ಚೆನ್ನಾಗೈತೆ ತಾಯಿ, ನಿಮ್ಮ ಮನೆ ತಣ್ಣಗಿರ್ಲಿ” ಎಂದು ಹರಸಿದ.

ಭೈರೇಶ್ ಅರ್ಧ ಊಟಕ್ಕೇ ಎದ್ದ. ಕೈ ತೊಳೆಯುತ್ತ ಅವ್ವನಿಗೆ ಹೇಳಿದ: “ಅಮ್ಮ, ಹೋದ ವರ್ಷ ಕರೆದ್ರು ಅಂತ ಈ ವರ್ಷಾನೂ ಕರೀತಾರೆ ಅಂತ ಏನಮ್ಮ ಗ್ಯಾರಂಟಿ? ಸುಮ್ನೆ ಆಸೆ ಇಟ್ಕೋಬೇಡ.”

“ಗ್ಯಾರಂಟಿ ಕೇಳೋಕೆ ನಾನೇನು ಮಿಕ್ಸಿ ತಗೊಂಡಿದೀನೇನೋ?” ಎಂದಳು ವಿಮಲಮ್ಮ. ಆದರೆ ಧ್ವನಿಯಲ್ಲಿ ಜೋರಿರಲಿಲ್ಲ.

ಕಗ್ಗಂಟು ಬಿಡಿಸಿದವನು ಮಡಿವಾಳಪ್ಪ. ಕಲಬುರಗಿ ಕಡೆಯವನು, ಹತ್ತಿರದ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ತೋಟದ ಮಾಲಿ, ಹಿಂದಿನ ಕ್ರಾಸಿನಲ್ಲಿ ಬಾಡಿಗೆಗಿದ್ದ. ಭಾನುವಾರ ಭಾನುವಾರ ಸೊಪ್ಪಿಗೆಂದು ಬರುತ್ತಿದ್ದ. ಅವನ ಮಾತು ವಿಮಲಮ್ಮನಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ತಲೆಯಾಡಿಸುತ್ತಿದ್ದಳು. ದೀಪಾವಳಿಗೆ ವಾರವಿರುವಾಗ ಬಂದವನು ಬಳ್ಳಿಯ ಸುತ್ತ ಎರಡು ಸುತ್ತು ಬಂದು, ಮನೆಯ ಗೋಡೆಗೂ ನೀರಿನ ಸಂಪಿಗೂ ನಡುವಿನ ಸಂದಿಯಲ್ಲಿ ಬಗ್ಗಿ ನೋಡಿ ಕರೆದ.

“ಯವ್ವಾ, ಇಲ್ಲಿ ಬರ್ರಿ. ಇದನ್ನ ನೋಡ್ರಿ.”

ಒಂದು ಕವಲು ದಾರಿ ತಪ್ಪಿ ಆ ಸಂದಿಗೆ ನುಗ್ಗಿತ್ತು. ಅದರ ತುದಿಯಲ್ಲಿ ಬಿಳಿ ಹೂವಿನ ಗೊಂಚಲು.

“ಉಳಿದದ್ದಕ್ಕ ಒಂದೂ ಹೂವಿಲ್ಲ, ಇದೊಂದಕ್ಕ ಅದ. ಯಾಕ?” ಮಡಿವಾಳಪ್ಪ ತಲೆಯೆತ್ತಿ ಕಂಬವನ್ನು ನೋಡಿದ. “ಇಲ್ಲಿ ಆ ಲೈಟಿನ ಬೆಳಕ ಬೀಳಂಗಿಲ್ರಿ. ಅವರೆ ಬಳ್ಳಿಗೆ ರಾತ್ರಿ ಅನ್ನೂದು ಬೇಕ್ರಿ ಯವ್ವಾ. ರಾತ್ರಿ ಉದ್ದ ಆಗಲಿಕ್ಕ ಹತ್ಯಾವ, ಚಳಿಗಾಲ ಬಂತು ಅಂತ ಗೊತ್ತಾದ್ರ ಮಾತ್ರ ಹೂವು ಬಿಡ್ತದ. ನಿಮ್ಮ ಲೈಟು ಇದಕ್ಕ ರಾತ್ರಿನೇ ಆಗಗೊಡವಲ್ದು.”

“ಮಾರ್ಕೆಟ್‌ನಲ್ಲಿ ಯಾವಾಗ್ಲೂ ಸಿಗ್ತದಲ್ಲಪ್ಪ?”

“ಅದು ಹೊಸಾ ತಳಿ. ಅದಕ್ಕ ಹಗಲೂ ಒಂದೇ, ರಾತ್ರೀನೂ ಒಂದೇ. ಇದು ನಾಟಿ. ದಿನಾ ಎಣಸ್ತದ.”

ಈ ಸಲ ವಿಮಲಮ್ಮನಿಗೆ ಪೂರ್ತಿ ತಿಳಿಯಿತು. ಕಂಬದ ಮೇಲೆ ತಾನೇ ಹಚ್ಚಿದ ಕುಂಕುಮ ಮಳೆಗೆ ಇಳಿದು ಗೆರೆಗೆರೆಯಾಗಿತ್ತು. ಬೇರೆ ಯಾರೋ ಹಾಕಿಸಿದ ದೀಪವಾಗಿದ್ದರೆ ಅವರ ಏಳು ತಲೆಮಾರನ್ನು ಬೈದು ಹಗುರಾಗಬಹುದಿತ್ತು. ಏಳು ಸಲ ನಡೆದು, ಕಾಲು ಹಿಡಿದು, ಮೆಟ್ಟಿಲ ಮೇಲೆ ಕೂತು ತಂದವಳು ಇವಳೇ. ಗಂಡನ ಕಾಲಿಗೆ ದಾರಿ ಕಾಣಲೆಂದು ತಂದ ಬೆಳಕು ಅವನ ಬಾಯಿಗೆ ಬರಬೇಕಾದ ಒಂದು ಮಾತಿನ ದಾರಿಗೆ ಅಡ್ಡ ನಿಂತಿತ್ತು. ಮಡಿವಾಳಪ್ಪ ಸೊಪ್ಪು ತೆಗೆದುಕೊಂಡು ಹೋದ ಮೇಲೂ ಅವಳು ಸಂಪಿನ ಕಟ್ಟೆಯ ಮೇಲೆ ಕೂತೇ ಇದ್ದಳು.

ದೀಪ ತೆಗೆಸಿಬಿಡೋಣ ಎಂದು ಆ ಸಂಜೆ ಹೇಳಿದಾಗ ಭೈರೇಶ್ ಕೆರಳಿದ.

“ಅಪ್ಪ ಮತ್ತೆ ಮೋರಿಗೆ ಬಿದ್ರೆ? ಕೈ ಮುರೀತು, ಸೊಂಟ ಮುರಿದ್ರೆ ಏನಮ್ಮ ಮಾಡೋದು? ನಿನಗೆ ಅಪ್ಪ ಬೇಕಾ, ಅಪ್ಪ ಕೂಗೋದು ಬೇಕಾ?”

ಎಂಥ ಪ್ರಶ್ನೆ! ಅತ್ತ ದರಿ, ಇತ್ತ ಪುಲಿ. ಎರಡೂ ಬೇಕು ಎಂದು ಹೇಳಲು ವಿಮಲಮ್ಮನಿಗೆ ನಾಚಿಕೆಯಾಯಿತು.

ಮಾರನೇ ದಿನ ಅವಳು ಬೇರೆ ದಾರಿ ಹುಡುಕಿದಳು. ದೀಪ ಆರಿಸಲು ಆಗದಿದ್ದರೆ ಬಳ್ಳಿಗೆ ಕತ್ತಲೆ ಹೊದಿಸಿದರಾಯಿತು. ಮೊದಲು ನೀಲಿ ಟಾರ್ಪಾಲು ಕಟ್ಟಿದಳು. ಬೆಳಕು ಅದರೊಳಗೂ ಇಳಿಯಿತು, ಒಳಗೆ ಬೆವೆತು ಎಲೆ ಹಳದಿಯಾಯಿತು. ಆಗ ನೆನಪಾದದ್ದು ಕರಿ ಕಂಬಳಿ. ರಾಮಯ್ಯ ರಾಗಿ ಕಣ ಕಾಯುವಾಗ ಹೊದೆಯುತ್ತಿದ್ದ ದಪ್ಪ ಕಂಬಳಿ, ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ನಡುವೆ ಮಲಗಿತ್ತು. ಮುರಿದ ಮಂಚದ ಚೌಕಟ್ಟನ್ನು ನಿಲ್ಲಿಸಿ, ನಾಲ್ಕು ಬಿದಿರು ಗಳು ಸೇರಿಸಿ ಕಟ್ಟಿ, ಅದರ ಮೇಲೆ ಕಂಬಳಿ ಇಳಿಬಿಟ್ಟಳು. ಮೂವತ್ತು ಬುಡದಲ್ಲಿ ಅದರೊಳಗೆ ಹಿಡಿದದ್ದು ನಾಲ್ಕು. ಉಳಿದವುಗಳ ಆಸೆ ಬಿಟ್ಟಳು.

ಅಂದಿನಿಂದ ಅದೇ ವ್ರತ. ಸಂಜೆ ಆರಕ್ಕೆ, ದೀಪ ಹೊತ್ತುವ ಮೊದಲೇ ಕಂಬಳಿ ಹೊದಿಸುವುದು. ಬೆಳಕು ಹರಿದ ಮೇಲೆ ತೆಗೆಯುವುದು. ನಾದಿನಿಯ ಮಗಳ ಆರತಕ್ಷತೆಗೆ ಹೋಗಲಿಲ್ಲ, ಊಟದ ಹೊತ್ತಿಗೆ ಕತ್ತಲಾಗುತ್ತದೆಂದು. ಬೀದಿಯವರು ಮೊದಮೊದಲು ನಕ್ಕರು. ವಿಮಲಮ್ಮನಿಗೂ ಅಷ್ಟಿಷ್ಟು ತಿರುಗಿದೆ ಎಂದರು. ಹೇಳುವವರು ಹೇಳಿಕೊಳ್ಳಲಿ, ಅವರ ಮನೆಯಲ್ಲಿ ಅವರವರನ್ನು ಕರೆಯುವವರು ಇದ್ದರು.

ಒಂಟಿಯಾಗಿ ಒದ್ದಾಡುವುದನ್ನು ದಿನಾ ನೋಡುತ್ತಿದ್ದ ರಾಮಯ್ಯ ಒಂದು ಸಂಜೆ ತಾನಾಗಿ ಬಂದು ಕಂಬಳಿಯ ಇನ್ನೊಂದು ತುದಿ ಹಿಡಿದ.

“ಭಾರ ಐತೆ, ಒಬ್ಬರೇ ಎತ್ತಬೇಡಿ ತಾಯಿ. ನಿಮ್ಮ ಯಜಮಾನ್ರು ಇಲ್ವಾ?”

ವಿಮಲಮ್ಮನ ಕೈ ಅಲ್ಲೇ ನಿಂತಿತು.

“ಇದಾರೆ.”

“ಎಲ್ಲಿ ಹೋಗವ್ರೆ?”

“ಬತ್ತಾರೆ. ದಾರಿ ನೋಡ್ತಾ ಇದೀನಿ.”

“ಬತ್ತಾರೆ, ಬತ್ತಾರೆ. ಧೈರ್ಯವಾಗಿರಿ,” ಎಂದು ರಾಮಯ್ಯ ಸಮಾಧಾನ ಹೇಳಿ, ಕಂಬಳಿಯ ಅಂಚನ್ನು ನೆಲದವರೆಗೆ ಎಳೆದು ಕಲ್ಲಿಟ್ಟ. ಆಮೇಲೆ ದಿನಾ ಸಂಜೆ ಇಬ್ಬರೂ ಸೇರಿ ಹೊದಿಸಿದರು. ಕೆಲಸ ಸಲೀಸಾಯಿತು. ವಿಮಲಮ್ಮನಿಗೆ ಆ ಐದು ನಿಮಿಷ ಬೇಕೂ ಹೌದು, ಬೇಡವೂ ಹೌದು ಎನ್ನುವಂತಾಗಿತ್ತು. ಅಷ್ಟು ಹತ್ತಿರದಲ್ಲಿ ಅವನ ಉಸಿರು ಕೇಳುತ್ತಿತ್ತು, ಬೀಡಿ ಬಿಟ್ಟು ಹತ್ತು ವರ್ಷವಾದರೂ ಅಂಗಿಯಲ್ಲಿ ಉಳಿದ ಆ ಹಳೆಯ ವಾಸನೆ ಬರುತ್ತಿತ್ತು. ಮುಖ ಮಾತ್ರ ಪರಸ್ತ್ರೀಯ ಎದುರು ನಿಂತವನಂತೆ ತಗ್ಗಿರುತ್ತಿತ್ತು.

ಇಪ್ಪತ್ತೈದನೇ ದಿನ ಬೆಳಗ್ಗೆ ಕಂಬಳಿ ತೆಗೆದರೆ, ನಾಲ್ಕೂ ಬುಡದ ತುದಿಗಳಲ್ಲಿ ಅಕ್ಕಿಕಾಳಿನಂಥ ಮೊಗ್ಗು. ವಿಮಲಮ್ಮ ಚೈತ್ರಳನ್ನು ಕೂಗಿ ಕರೆದು ತೋರಿಸಿದಳು. ಅತ್ತೆಯ ಹಟವನ್ನು ಅಷ್ಟು ದಿನ ಸಹಿಸಿಕೊಂಡಿದ್ದ ಹುಡುಗಿ ಅವತ್ತು ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಭೈರೇಶ್ ಡಿಪೋದಿಂದ ಬರುವಾಗ ಕಂಬಳಿ ಕಟ್ಟಲು ಗಟ್ಟಿ ಕ್ಲಿಪ್ಪುಗಳನ್ನು ತಂದ. ಅವ್ವನ ಕೈಗಿಟ್ಟ.

ಮೊಗ್ಗು ಹೂವಾಯಿತು, ಹೂವು ಎಳೆಗಾಯಿ ಆಯಿತು. ಬೆಳಕಿನಲ್ಲಿ ಬಿಟ್ಟ ಇಪ್ಪತ್ತಾರು ಬುಡ ಇನ್ನೂ ಸೊಕ್ಕಿನಿಂದ ಎಲೆ ಬಿಡುತ್ತಲೇ ಇದ್ದವು. ಧನುರ್ಮಾಸ ಹತ್ತಿತು. ಆದರೆ ಈ ಎರಡು ತಿಂಗಳಲ್ಲಿ ರಾಮಯ್ಯನೂ ನಿಂತಲ್ಲಿ ನಿಂತಿರಲಿಲ್ಲ. ಭೈರೇಶನನ್ನು ‘ಕಂಡಕ್ಟರೇ’ ಎಂದು ಕರೆಯತೊಡಗಿದ್ದ. ಉಂಡ ಮೇಲೆ ಊಟ ಕೇಳುತ್ತಿದ್ದ. ಕನ್ನಡಿಯಲ್ಲಿ ಕಂಡ ಮುದುಕನಿಗೆ ನಮಸ್ಕಾರ ಮಾಡುತ್ತಿದ್ದ. ವಿಮಲಮ್ಮ ಅದನ್ನೆಲ್ಲ ನೋಡುತ್ತಿದ್ದಳು, ಹೋಗಿ ಕಾಯಿಯನ್ನು ಮುಟ್ಟಿ ನೋಡುತ್ತಿದ್ದಳು. ಕಾಳು ಕಟ್ಟಿದೆಯಾ, ಇನ್ನೆಷ್ಟು ದಿನ? ಅವಳ ಕಣ್ಣಿಗೆ ಎರಡು ಓಟ ಕಾಣುತ್ತಿದ್ದವು, ಯಾವುದು ಮುಂದೆ ಎಂದು ಹೇಳುವ ಧೈರ್ಯವಿರಲಿಲ್ಲ.

ಸಂಕ್ರಾಂತಿಗೆ ಆರು ದಿನವಿರುವಾಗ ಬೆಳಗ್ಗೆ ಒಳ್ಳೆಯ ಚಳಿ. ಎದುರು ಮನೆಯೂ ಕಾಣದಷ್ಟು ಮಂಜು. ಕಂಬಳಿಯ ಮೇಲೆ ಇಬ್ಬನಿ ಬಿಳಿ ನೂಲಿನಂತೆ ಕೂತಿತ್ತು. ವಿಮಲಮ್ಮ ಕ್ಲಿಪ್ಪು ತೆಗೆದು ಕಂಬಳಿ ಸರಿಸಿದಳು. ರಾತ್ರಿಯೆಲ್ಲ ಒಳಗೇ ಕಟ್ಟಿಕೊಂಡಿದ್ದ ಸೊಗಡು ಒಮ್ಮೆಗೇ ಮುಖಕ್ಕೆ ಬಡಿಯಿತು. ಅದೇ! ಅತ್ತೆಯ ಸೆರಗಿನದು, ರಾಗಿ ಹೊಲದ್ದು, ಮದುವೆಯಾಗಿ ಬಂದ ಮೊದಲ ಚಳಿಗಾಲದ್ದು. ಅವಳು ಗಂಡನನ್ನು ಕರೆತರಲು ತಿರುಗಿದಳು. ಕರೆಯುವ ಅಗತ್ಯ ಬೀಳಲಿಲ್ಲ. ರಾಮಯ್ಯ ಬರಿಗಾಲಲ್ಲಿ ಗೇಟಿನಾಚೆ ಬಂದಾಗಿತ್ತು.

ಅವನು ಬಳ್ಳಿಯ ಹತ್ತಿರ ನಿಂತು ಎದೆತುಂಬ ಉಸಿರೆಳೆದ. ಒಂದು ಕಾಯಿ ಕಿತ್ತು, ಎರಡು ಬೆರಳಲ್ಲಿ ಉಜ್ಜಿ, ಜಿಗುಟು ನೋಡಿ, ಮೂಗಿಗೆ ಹಿಡಿದ. ಮುಖದ ಗಂಟುಗಳೆಲ್ಲ ಸಡಿಲವಾದವು. ತಿಂಗಳುಗಳಿಂದ ಮಬ್ಬಾಗಿದ್ದ ಕಣ್ಣಲ್ಲಿ ಹೊಲದ ಯಜಮಾನ ಎದ್ದು ಬಂದ. ವಿಮಲಮ್ಮ ಉಸಿರು ಬಿಗಿಹಿಡಿದು ಅವನ ಬಾಯನ್ನೇ ನೋಡಿದಳು. ಅವನು ಅವಳ ಕಡೆ ತಿರುಗಿದ. ನಕ್ಕ.

“ಬನ್ನಿ ತಾಯಿ, ಸಂಕೋಚ ಪಡಬೇಡಿ. ಹೊಲದ ಹತ್ರ ಬಂದ ಹೆಣ್ಣುಮಗಳು ಬರಿಗೈಲಿ ಹೋಗಬಾರ್ದು. ಮಡಿಲು ಹಿಡೀರಿ.”

ವಿಮಲಮ್ಮ ಸೆರಗು ಹಿಡಿದಳು. ಹಿಡಿಯದೆ ಏನು ಮಾಡುತ್ತಾಳೆ? ರಾಮಯ್ಯ ಬಲಿತ ಕಾಯಿಗಳನ್ನೇ ಆರಿಸಿ ಆರಿಸಿ ಕಿತ್ತು ಅವಳ ಮಡಿಲಿಗೆ ಹಾಕಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅವಳಿಗೆ ಹೀಗೆ ಕೈಯಾರೆ ಮಡಿಲು ತುಂಬಿರಲಿಲ್ಲ. ಎರಡು ಬುಡ ಖಾಲಿಯಾದವು. ಮೂರನೆಯದಕ್ಕೆ ಕೈ ಹಾಕಿದವನು ನಿಲ್ಲಿಸಿದ.

“ಸಾಕು ತಾಯಿ. ತಪ್ಪು ತಿಳ್ಕೋಬೇಡಿ, ಉಳಿದಿದ್ದು ಗಿಡದಲ್ಲೇ ಇರ್ಲಿ. ನಮ್ಮ ಇವಳು ಬತ್ತಾಳೆ. ಇಬ್ಬನೀಲಿ ಕಾಯಿ ಕೀಳೋದಂದ್ರೆ ಅವಳಿಗೆ ಪಂಚಪ್ರಾಣ. ಇದೊಂದು ಹಿಡಿ ಅವಳಿಗೆ ಬೇಕು.”

ಹೇಳಿ, ಮಂಜು ಕವಿದ ರಸ್ತೆಯ ಕಡೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಹೊಲದಿಂದ ಹೊಲಕ್ಕೆ ಕೂಗುವ ಗಂಟಲಲ್ಲಿ ಕೂಗಿದ.

“ಏ ಇವಳೇ! ಇವಳೇ!”

ವಿಮಲಮ್ಮ ಅವನ ಮಗ್ಗುಲಲ್ಲೇ ಇದ್ದಳು, ಮೊಳ ದೂರದಲ್ಲಿ. ‘ಓ’ ಎನ್ನಲು ಬಾಯಿ ತೆರೆದಳು. ಇಲ್ಲಿಂದ ಓಗೊಟ್ಟರೆ ಅವನು ತಿರುಗುತ್ತಾನೆ, ಈ ತಾಯಿಯನ್ನು ನೋಡುತ್ತಾನೆ, ಗಲಿಬಿಲಿಯಾಗುತ್ತಾನೆ. ರಾಮಯ್ಯ ಮತ್ತೆ ಕೂಗಿದ. ಉತ್ತರ ಬಾರದೆ ಅವನ ಮುಖದಲ್ಲಿ ಮೆಲ್ಲಗೆ ಆತಂಕ ಏರತೊಡಗಿತು. ಅದನ್ನು ಅವಳಿಂದ ನೋಡಲಾಗಲಿಲ್ಲ. ಮಡಿಲು ಬಿಗಿಯಾಗಿ ಹಿಡಿದು, ಸದ್ದಾಗದಂತೆ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಮನೆಯ ಗೋಡೆಯ ಮರೆಗೆ ಹೋಗಿ ನಿಂತಳು.

“ಓ! ಬಂದೆ ಕಣ್ರೀ!” ಎಂದು ಅಲ್ಲಿಂದ ಕೂಗಿದಳು.

“ಎಲ್ಲಿ ಹಾಳಾಗೋದೇ? ಬಿರ್ರನೆ ಬಾರೇ, ಇಬ್ಬನಿ ಆರೋಯ್ತದೆ!”

“ಬಂದೆ, ಬಂದೆ. ಇರ್ರೀ.”

ಗೋಡೆಯ ಆಚೆ ರಾಮಯ್ಯ ಸಮಾಧಾನದಿಂದ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಇನ್ನು ಹೆಂಡತಿ ಬರುತ್ತಾಳೆಂಬ ನೆಮ್ಮದಿಯಲ್ಲಿ ಅವನು ರಸ್ತೆ ನೋಡುತ್ತ ನಿಂತ. ಅವಳು ಎದುರಿಗೆ ಹೋದರೆ ಅವನ ಕಣ್ಣಿಗೆ ಬರುವವಳು ಇನ್ಯಾರೋ. ಆದ್ದರಿಂದ ವಿಮಲಮ್ಮ ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ನಿಂತಳು. ಅವನು ಕೂಗಿದಾಗಲೆಲ್ಲ “ಬಂದೆ” ಎನ್ನುತ್ತ, ಬಿಸಿಲು ಬಂದು ಅವನು ಕೂಗುವುದನ್ನು ಮರೆಯುವ ತನಕ ನಿಂತೇ ಇದ್ದಳು.